ಸಪ್ಪಳಕ್ಕೊಂದು ರೊಟ್ಟಿ

ಇಪ್ಪತ್ತಾರು ವರ್ಷ ಬೆಂಕಿಯನ್ನು ಕಿಂಡಿಯಿಂದ ನೋಡಿದವನು ನಾನು,
ಶಕ್ತಿನಗರದ ಬಾಯ್ಲರಿನ ಮುಂದೆ, ನೀಲಿ ಗಾಜು ಹಿಡಿದು.
ಬಣ್ಣ ನೋಡಿ ಹೇಳಬಲ್ಲೆ
ಕಲ್ಲಿದ್ದಲು ಒದ್ದೆಯೋ, ಒಣಗಿದ್ದೋ,
ಗಾಳಿ ಹೆಚ್ಚಾಯಿತೋ, ಕಡಿಮೆಯೋ.
ನನ್ನ ರಕ್ತದ ಸಕ್ಕರೆ ಮಾತ್ರ
ಕಾಗದ ನೋಡಿದ ಮೇಲೇ ಗೊತ್ತಾಯಿತು.

"ಒಲೆ ಬಿಡ್ರಿ," ಅಂದರು ರಾಯಚೂರಿನ ಡಾಕ್ಟರು,
ತಾವೇ ಒಣ ನುಗ್ಗೆಕಾಯಿಯಂತೆ ಇದ್ದವರು.
"ಗುಳಿಗೆ ಹಂಗೇ ಇರಲಿ. ನಲವತ್ತು ದಿನ
ಬೆಂಕಿ ಮುಟ್ಟಿದ್ದು ಬಾಯಿಗೆ ಬ್ಯಾಡ."
ಚೀಟಿಯಲ್ಲಿ ಸವತಿಕಾಯಿ, ಗಜ್ಜರಿ, ಮೊಳಕೆ ಹೆಸರು,
ನೆನೆಸಿದ ಶೇಂಗಾ ಒಂದು ಮುಟಗಿ.

ಮಾನಮ್ಮ ಓದಿ ನಕ್ಕಳು:
"ಇದಕ್ಕ ಇನ್ನೂರು ರೂಪಾಯಿ ಕೊಟ್ಟು ಬಂದ್ರಾ?
ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ ನಮ್ಮವ್ವ ಪುಕ್ಕಟೆ ತಿನಸ್ತಿದ್ಲು."
"ರೊಟ್ಟಿ ಜೋಡಿ ತಿನಸ್ತಿದ್ಲು," ಅಂದೆ.
ಆ ಮಾತಿಗೆ ಇಬ್ಬರೂ ಸುಮ್ಮನಾದೆವು.

ದೇವಸೂಗೂರಿನ ಸಂತೆಯಿಂದ ತಪ್ಪಲು ತಂದು
ಒಂದು ನೀರು ತೊಳೆದೆ, ಮಣ್ಣು ಹೋಯಿತು.
ಎರಡನೇ ನೀರಿಗೆ ಹುಳ ತೇಲಿತು.
ಮೂರನೆಯದು ತಿಳಿಯಾಯಿತು ಅಂದುಕೊಂಡೆ.
ನಾಲ್ಕನೆಯದರ ತಳದಲ್ಲಿ, ಬೋಗುಣಿ ಓರೆ ಮಾಡಿದಾಗ,
ಬೂದಿ.
ಕಾಡಿಗೆಗಿಂತ ನುಣ್ಣಗೆ.
ನಮ್ಮದೇ ಚಿಮಣಿಯದು, ಬಹುಶಃ ನನ್ನದೇ ಪಾಳಿಯದು.
ಒಲೆ ಬಿಡಬಹುದು; ಈ ಊರಲ್ಲಿ ಬೆಂಕಿ ಬಿಡೋದು ಎಲ್ಲಿ?
ಐದನೇ ನೀರು ಹಿಡಿದೆ.

ಮೊದಲ ವಾರ ತಲೆನೋವು.
ಎರಡನೆಯದಕ್ಕೆ ದವಡೆ.
ಹಸಿಗೂ ಹಸಿವಿಗೂ ನಡುವೆ ಒಂದೇ ಅಕ್ಷರ,
ರಾತ್ರಿ ಪಾಳಿಯಲ್ಲಿ ಅದೂ ಇರಲಿಲ್ಲ.
ಮೂರು ಗಂಟೆಗೆ ಖಾಜಾಹುಸೇನ ಮಿರ್ಚಿಯ ಪೊಟ್ಟಣ ಬಿಚ್ಚಿ,
ಎಣ್ಣೆ ಕುಡಿದ ಪೇಪರನ್ನು ನನ್ನ ಕಡೆ ತಿರುಗಿಸಿ,
"ತಿನ್ನಬ್ಯಾಡ್ರಿ, ಸುಮ್ಮನ ಓದ್ರಿ," ಅಂದ.
ಓದಿದೆ. ಹಳೇ ಟೆಂಡರ್ ಪ್ರಕಟಣೆ.
ಕೊನೆಯ ತಾರೀಖಿನ ತನಕ ಓದಿದೆ.

ಸುಳ್ಳು ಹೇಳಲಾರೆ, ಲಾಭವೂ ಆಯಿತು.
ಬೆಲ್ಟಿಗೆ ಹೊಸ ತೂತು ಹೊಡೆಸಿದೆ.
ಮೂರನೇ ವಾರ ಬಾಯ್ಲರಿನ ಏಣಿ ಹತ್ತಿದೆ,
ನಡುವೆ ನಿಲ್ಲಲಿಲ್ಲ.
ಹಕ್ಕರಕಿಯ ಕಹಿಯ ಹಿಂದೆ ಒಂದು ಸಿಹಿ ಇದೆ,
ಎಳ್ಳಿನಷ್ಟು, ಅವಸರದವರಿಗೆ ಸಿಗದ್ದು.
ಐವತ್ತಮೂರಕ್ಕೆ ಗೊತ್ತಾಯಿತು
ನನ್ನ ಬಾಯಲ್ಲಿ ಹಲ್ಲುಗಳಿದ್ದಾವೆಂದು.

ಆದರೆ ಮನೆ.
ನನಗೆ ಬೇಡವಾದ ಅಡುಗೆಯನ್ನು
ಮಾನಮ್ಮ ತನಗೊಬ್ಬಳಿಗೆ ಮಾಡಿಕೊಳ್ಳಲಿಲ್ಲ.
ಬೆಳಗಿನ ಅನ್ನಕ್ಕೆ ಮಜ್ಜಿಗೆ ಕಲಸಿ
ಕಟ್ಟೆಯ ಹತ್ತಿರ ನಿಂತೇ ತಿಂದಳು.
ಹಂಚು ಗೋಡೆಗೆ ಒರಗಿತ್ತು,
ಅದರ ಕಪ್ಪಿನ ಮೇಲೆ ಜೇಡ ಒಂದು ಎಳೆ ನೇಯ್ದಿತ್ತು.
ನಾನು ದಿನಾ ತೂಕ ನೋಡಿ ಬರೆದಿಡುತ್ತಿದ್ದೆ.
ಅವಳೂ ಇಳಿದಿದ್ದಳು.
ಅವಳದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮೂವತ್ತೊಂದನೇ ದಿನ ಪಕ್ಕದ ಕ್ವಾರ್ಟರ್ಸಿನಿಂದ
ತಟ್, ತಟ್, ತಟತಟ್,
ರೊಟ್ಟಿ ಬಡಿಯುವ ಸಪ್ಪಳ.
ಬಾಯಲ್ಲಿದ್ದ ಗಜ್ಜರಿ ಅಗಿಯುವುದನ್ನು ನಿಲ್ಲಿಸಿದೆ,
ಅದರ ಸದ್ದು ಅಡ್ಡ ಬರುತ್ತಿತ್ತು.

"ಒಂದು ರೊಟ್ಟಿ ಬಡಿ."
"ನಲವತ್ತಾಗಿಲ್ಲ."
"ತಿನ್ನಾಕಲ್ಲ. ಕೇಳಾಕ."
"ಸಪ್ಪಳ ಕೇಳಾಕ ಹಿಟ್ಟು ಕೆಡಸ್ತಾರೇನು?"
"ನೀನು ತಿನ್ನು. ಕುಂತು ತಿನ್ನು."

ಹಿಟ್ಟಿಗೆ ಎಸರು ಹಾಕಿದಳು. ಬಳೆ ಹಿಂದಕ್ಕೆ ಸರಿಸಿದಳು.
ಜೇಡ ಹೇಳದೆ ಕೇಳದೆ ಮನೆ ಖಾಲಿ ಮಾಡಿತು.
ಉಬ್ಬಿದ ರೊಟ್ಟಿಯನ್ನು ನಮ್ಮಿಬ್ಬರ ನಡುವೆ ಇಟ್ಟಳು.
ಅದರ ಹಬೆಯ ಮೇಲೆ ಅಂಗೈ ಹಿಡಿದೆ ನಾನು,
ಅಂಗೈಗೆ ಡಾಕ್ಟರು ಏನೂ ಹೇಳಿರಲಿಲ್ಲ.

ಅವಳು ಮುರಿದಳು.
ನನ್ನ ತಾಟಿನಿಂದ ಹಕ್ಕರಕಿಯ ಒಂದು ಎಲೆ ಎತ್ತಿ,
ಬೆಳಕಿಗೆ ಹಿಡಿದು ನೋಡಿ,
"ಎಷ್ಟು ನೀರು ತೊಳದ್ರಿ?" ಅಂದಳು.